ಡಬ್ಬಿ ತೆರೆಯದೆ ಲೆಕ್ಕ ಹೇಳುವುದು ಹೇಗೆ?

ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ಅಟ್ಟ ಹತ್ತಿ ನೋಡಿದ್ದೀರಾ? ತಿಂಗಳುಗಟ್ಟಲೆ ಅಟ್ಟದಲ್ಲಿದ್ದ ತೆಂಗಿನಕಾಯಿಯನ್ನು ಅಜ್ಜ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ‘ಗುಡುಗುಡು’ ಎಂದರೆ ಕೊಬ್ಬರಿಯಾಗಿದೆ ಎಂದರ್ಥ. ಕಾಯಿ ಒಡೆಯಬೇಕಾಗಿಲ್ಲ. ಪರಮಾಣು ವಸ್ತುವಿನ ಲೆಕ್ಕ ಇಡುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಅವರು ಕೇಳುವ ಸದ್ದು ನ್ಯೂಟ್ರಾನುಗಳದ್ದು.

ಲೆಕ್ಕ ಏಕೆ ಬೇಕು? ಪ್ಲುಟೋನಿಯಂ ವಿದ್ಯುತ್ತಿಗೂ ಆಗುತ್ತದೆ, ಬಾಂಬಿಗೂ ಆಗುತ್ತದೆ. 8 ಕಿಲೋ ಕಾಣೆಯಾದರೆ ಒಂದು ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂಬುದು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಇಟ್ಟುಕೊಂಡಿರುವ ಅಳತೆ. ಆದರೆ ಈ ವಸ್ತುವಿನ ಪುಡಿ ಉಸಿರಿನೊಡನೆ ಒಳಹೋದರೆ ಅಪಾಯ, ಡಬ್ಬಿ ತೆರೆಯುವಂತಿಲ್ಲ. ತಕ್ಕಡಿಗೆ ಇಟ್ಟರೆ ತೂಕವೇನೋ ಸಿಕ್ಕೀತು; ಒಳಗಿರುವುದು ಪ್ಲುಟೋನಿಯಮ್ಮೋ ಸೀಸವೋ ತಕ್ಕಡಿ ಹೇಳದು.

ಇಲ್ಲಿ ನೆರವಿಗೆ ಬರುವುದು 1932ರಲ್ಲಿ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನ್. ವಿದ್ಯುದಾವೇಶವಿಲ್ಲದ ಈ ಕಣ ಉಕ್ಕಿನ ಡಬ್ಬಿಯನ್ನೂ ದಾಟಿ ಹೊರಬರುತ್ತದೆ. ಪ್ಲುಟೋನಿಯಂ-240ರ ಕೆಲವು ಪರಮಾಣು ಬೀಜಗಳು ತಾವಾಗಿಯೇ ಒಡೆಯುತ್ತವೆ. ಅದರ 1 ಗ್ರಾಮಿನಿಂದ ಸೆಕೆಂಡಿಗೆ ಸುಮಾರು 1,000 ನ್ಯೂಟ್ರಾನುಗಳು ಹೊರಡುತ್ತವೆ. ಡಬ್ಬಿಯ ಸುತ್ತ ಪಾಲಿಥೀನಿನ ದಪ್ಪ ಗೋಡೆ ಇಡುತ್ತಾರೆ. ಅದರ ಹೈಡ್ರೋಜನ್ನಿಗೆ ಡಿಕ್ಕಿ ಹೊಡೆದು ಹೊಡೆದು ನ್ಯೂಟ್ರಾನುಗಳ ವೇಗ ತಗ್ಗುತ್ತದೆ. ಗೋಡೆಯಲ್ಲಿ ಹುದುಗಿಸಿದ ಹೀಲಿಯಂ-3 ಕೊಳವೆಗಳು ಅವನ್ನು ಹಿಡಿದು, ಒಂದೊಂದಕ್ಕೂ ಒಂದು ವಿದ್ಯುತ್ ಮಿಡಿತ ಕೊಡುತ್ತವೆ.

ತೊಡಕೊಂದಿದೆ. ಆಕ್ಸೈಡ್ ರೂಪದ ಪ್ಲುಟೋನಿಯಮ್ಮಿನಲ್ಲಿ ಆಲ್ಫಾ ಕಣಗಳು ಆಕ್ಸಿಜನ್ನಿಗೆ ಬಡಿದಾಗಲೂ ನ್ಯೂಟ್ರಾನ್ ಹುಟ್ಟುತ್ತದೆ. ಇವನ್ನು ಬೇರ್ಪಡಿಸುವುದು ಹೇಗೆ?

ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ನಿಂತುಕೊಳ್ಳಿ. ಕೆಲವರು ಒಂಟಿಯಾಗಿ ಬರುತ್ತಾರೆ. ಒಂದೇ ಮನೆಯ ಅಣ್ಣತಂಗಿಯರು ಹಿಂದೆಮುಂದೆ ಬರುತ್ತಾರೆ. ಬೀಜ ಒಡೆದಾಗ ಸಾಮಾನ್ಯವಾಗಿ ಎರಡು ಮೂರು ನ್ಯೂಟ್ರಾನುಗಳು ಒಟ್ಟಿಗೆ ಹೊರಡುತ್ತವೆ. ಆಲ್ಫಾದಿಂದ ಹುಟ್ಟಿದ್ದು ಒಂಟಿ. ಒಂದು ನ್ಯೂಟ್ರಾನ್ ಬಂದ ಮೇಲೆ ಕೆಲವು ಹತ್ತು ಮೈಕ್ರೋಸೆಕೆಂಡುಗಳೊಳಗೆ ಇನ್ನೊಂದು ಬಂತೇ ಎಂದು ಉಪಕರಣ ನೋಡುತ್ತದೆ. ಅಪರಿಚಿತರೂ ಆಕಸ್ಮಿಕವಾಗಿ ಜೊತೆಯಾಗಬಹುದಲ್ಲವೇ? ಅದಕ್ಕೆ ಸ್ವಲ್ಪ ತಡವಾಗಿ, ಒಡಹುಟ್ಟಿದವರು ಬರುವ ಹೊತ್ತು ಕಳೆದ ಮೇಲೆ ಅಷ್ಟೇ ಅವಧಿ ಮತ್ತೊಮ್ಮೆ ಎಣಿಸಿ, ಆ ಸಂಖ್ಯೆಯನ್ನು ಕಳೆಯುತ್ತದೆ. ಉಳಿದದ್ದು ನಿಜವಾದ ಜೋಡಿಗಳು. ಅವುಗಳಿಂದ ಪ್ಲುಟೋನಿಯಂ-240ರ ಪ್ರಮಾಣ ತಿಳಿಯುತ್ತದೆ. ಗಾಮಾ ಕಿರಣಗಳಿಂದ ಐಸೋಟೋಪುಗಳ ಪಾಲು ಗೊತ್ತುಮಾಡಿದರೆ ಒಟ್ಟು ಪ್ಲುಟೋನಿಯಂ ಎಷ್ಟೆಂದು ಸಿಕ್ಕಿತು.

ಇದು ದೂರದ ಕಥೆಯಲ್ಲ. 1925ರಲ್ಲಿ ನಮ್ಮ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಬೀಜ ವಿದಳನವನ್ನೇ ಅಭ್ಯಾಸ ಮಾಡಿದ ವಿಜ್ಞಾನಿ. 1974ರ ಪೋಖ್ರಾನ್ ಪರೀಕ್ಷೆಯ ಮುಂದಾಳು. ಅದರ ಪ್ಲುಟೋನಿಯಂ ಬಂದದ್ದು ಕೆನಡಾದ ನೆರವಿನಿಂದ ಟ್ರಾಂಬೆಯಲ್ಲಿ ಕಟ್ಟಿದ ಸೈರಸ್ ರಿಯಾಕ್ಟರಿನಿಂದ. ಶಾಂತಿಗೆಂದು ಕೊಟ್ಟದ್ದು ಎಂದು ಕೆನಡಾ ಮುನಿಸಿಕೊಂಡಿತು. ನಮ್ಮದೂ ಶಾಂತಿಯುತ ಸ್ಫೋಟವೇ ಎಂದು ಭಾರತ ಉತ್ತರಿಸಿತು. ಜಗತ್ತು ಕಟ್ಟುಪಾಡು ಬಿಗಿ ಮಾಡಿತು. 2009ರಲ್ಲಿ ಭಾರತ ಅಂತಾರಾಷ್ಟ್ರೀಯ ಸಂಸ್ಥೆಯೊಡನೆ ಒಪ್ಪಂದಕ್ಕೆ ಸಹಿ ಹಾಕಿ, ಹಲವು ವಿದ್ಯುತ್ ರಿಯಾಕ್ಟರುಗಳನ್ನು ತಪಾಸಣೆಗೆ ಒಪ್ಪಿಸಿತು. ನಮ್ಮ ಕೈಗಾದ ಮೊದಲ ನಾಲ್ಕು ಘಟಕಗಳು ಆ ಏರ್ಪಾಡಿಗೆ ಸೇರಲಿಲ್ಲ.

ವಿದ್ಯಾರ್ಥಿಗಳೇ, ಕೊನೆಗೊಂದು ಸಣ್ಣ ಲೆಕ್ಕ. ಒಂದು ಕಾರ್ಖಾನೆಯಲ್ಲಿ 800 ಕಿಲೋ ಪ್ಲುಟೋನಿಯಂ ಇದೆ, ಅಳತೆಯ ದೋಷ ನೂರಕ್ಕೆ 1 ಎನ್ನಿ. ಆ ದೋಷವೇ 8 ಕಿಲೋ! ‘ಸುಮಾರಾಗಿ ಸರಿ’ ಎಂದರೆ ಇಲ್ಲಿ ಸಾಲದು. ಎಷ್ಟು ತಪ್ಪಿರಬಹುದು ಎಂಬುದನ್ನೂ ಹೇಳಬೇಕು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಪಕ್ಕದವನ ರೀಡಿಂಗ್ ನೋಡಿ ತಿದ್ದಿ ಬರೆದವರನ್ನು ನಾನು ಗದರುವುದು ಅಂಕಕ್ಕಾಗಿ ಅಲ್ಲ. ಪೋಷಕರೇ, ಮಗುವಿನ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ಬೈಯಬೇಡಿ. ‘ಎಷ್ಟು ಸಲ ಅಳೆದೆ?’ ಎಂದು ಕೇಳಿ.