ಮುತ್ತಿಗೆ ಹತ್ತಿದ ಉಪ್ಪು

ಬೆವರಿದ ಮಗುವಿನ ಹಣೆಗೆ ಮುತ್ತಿಟ್ಟಾಗ ತುಟಿಗೆ ಉಪ್ಪು ಹತ್ತುವುದು ಸಹಜ. ಆದರೆ ಸದಾ ಅತಿಯಾದ ಉಪ್ಪಿನ ರುಚಿ, ಮತ್ತೆ ಮತ್ತೆ ನ್ಯುಮೋನಿಯಾ, ಚೆನ್ನಾಗಿ ಉಂಡರೂ ಮೈ ಹತ್ತದಿರುವುದು, ಜಿಡ್ಡಾದ ಮಲ - ಇವೆಲ್ಲ ಕಂಡರೆ 'ದೃಷ್ಟಿಯಾಗಿದೆ' ಎಂದು ಸುಮ್ಮನಿರಬೇಡಿ. ಅದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗವಾಗಿರಬಹುದು. ಬೆವರಿನ ಪರೀಕ್ಷೆಯಿಂದ ಅದು ತಿಳಿಯುತ್ತದೆ.

ತುಪ್ಪದಲ್ಲಿ ಉಪ್ಪು ಕರಗುವುದಿಲ್ಲ ಎಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತು. ನಮ್ಮ ಪ್ರತಿ ಜೀವಕೋಶಕ್ಕೂ ಅಂತಹ ಕೊಬ್ಬಿನ ತೆಳು ಪೊರೆಯಿದೆ. ನೀರಿನಲ್ಲಿ ಕರಗಿದ ಉಪ್ಪು ಸೋಡಿಯಂ, ಕ್ಲೋರೈಡ್ ಎಂಬ ವಿದ್ಯುತ್ ಕಣಗಳಾಗುತ್ತದೆ. ಇವೇ ಅಯಾನುಗಳು. ಇವು ಪೊರೆ ದಾಟಲು ಸೃಷ್ಟಿಕರ್ತನು ಪ್ರೋಟೀನಿನ ಬಾಗಿಲುಗಳನ್ನಿಟ್ಟಿದ್ದಾನೆ. ಈ ರೋಗದಲ್ಲಿ ಕ್ಲೋರೈಡಿನ ಬಾಗಿಲು ಕೆಟ್ಟಿರುತ್ತದೆ. ಶ್ವಾಸಕೋಶದಲ್ಲಿ ಕಫ ಅಂಟಾಗುತ್ತದೆ, ಬೆವರಿನಲ್ಲಿ ಉಪ್ಪು ಉಳಿಯುತ್ತದೆ. ಇದಕ್ಕೆ ಕಾರಣವಾದ ಜೀನನ್ನು 1989ರಲ್ಲಿ ಗುರುತಿಸಲಾಯಿತು.

ಕೆಟ್ಟ ಬಾಗಿಲನ್ನು ಸರಿಪಡಿಸುವ ಮೂರು ಔಷಧಿಗಳ ಮಿಶ್ರಣಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಬಹಳ ದುಬಾರಿ. ಮೇಲಾಗಿ ಕೆಲವು ಮಕ್ಕಳಲ್ಲಿ ಸರಿಪಡಿಸಲು ಬಾಗಿಲೇ ಇರುವುದಿಲ್ಲ. ಹಾಗಾದರೆ ಹೊಸ ಬಾಗಿಲನ್ನೇ ಇಡಬಹುದೇ?

ರಸಾಯನ ವಿಜ್ಞಾನಿಗಳು ಹುಡುಕುತ್ತಿರುವುದು ಅದನ್ನೇ. ಹೊರಮೈ ಕೊಬ್ಬಿಗೆ ಒಗ್ಗುವ, ಒಳಗೆ ಅಯಾನನ್ನು ಹಿಡಿದುಕೊಳ್ಳುವ ಅಣು ದೋಣಿಯಂತೆ ಅದನ್ನು ದಾಟಿಸುತ್ತದೆ. ಅಯಾನನ್ನು ಹೀಗೆ ಹಿಡಿಯುವ ಉಂಗುರದಂಥ ಅಣುಗಳನ್ನು 1967ರಲ್ಲಿ ಪ್ರಕಟಿಸಿದ ಚಾರ್ಲ್ಸ್ ಪೆಡರ್ಸನ್‌ರಿಗೆ 1987ರಲ್ಲಿ ನೊಬೆಲ್ ಸಿಕ್ಕಿತು. ನಮ್ಮ ದೇಶದಲ್ಲಿ ಪುಣೆಯ ಐಸರ್ ಸಂಸ್ಥೆಯ ಪಿನಾಕಿ ತಾಲೂಕ್‌ದಾರ್‌ರ ತಂಡ ಇಂತಹ ಅಣುಗಳನ್ನು ರೂಪಿಸುತ್ತಿದೆ. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಬೆಂಗಳೂರಿನ ಮನೆಮಂದಿ ಅಲೆದಾಡಿ ಹುಡುಕಿದ ಆಂಫೋಟೆರಿಸಿನ್ ನೆನಪಿದೆಯೇ? ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಗುವ ಆ ಔಷಧಿ ಸ್ವಲ್ಪ ಪ್ರಮಾಣದಲ್ಲಿ ಇಂತಹ ಬಾಗಿಲಾಗಬಲ್ಲದೆಂದು ರೋಗಿಗಳ ಜೀವಕೋಶಗಳಲ್ಲಿ 2019ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು.

ಪೊರೆಯ ಈ ಜ್ಞಾನ ಎರಡು ಬಾಯಿಯ ಕತ್ತಿಯಂತೆ. ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೋಗುವಾಗ ಸಿಗುವ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಜಯಂತ ಹಲ್ದಾರ್‌ರ ತಂಡ ಬ್ಯಾಕ್ಟೀರಿಯಾಗಳ ಪೊರೆಯನ್ನು ಕೆಡಿಸಿ ಕೊಲ್ಲುವ ಅಣುಗಳನ್ನು ರೂಪಿಸಿದೆ. ಅಂದರೆ ಬೇಡದ ಕಡೆ ಬಾಗಿಲು ತೆರೆದರೆ ಜೀವಕೋಶವೇ ಸಾಯುತ್ತದೆ. ಕೃತಕ ಬಾಗಿಲು ಇನ್ನೂ ಔಷಧಿಯ ಅಂಗಡಿಗೆ ಬರದಿರಲು ಈ ಅಪಾಯವೂ ಒಂದು ಕಾರಣ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ತಂದೆ, ತಾಯಿ ಇಬ್ಬರಿಂದಲೂ ಒಂದೊಂದು ದೋಷವುಳ್ಳ ಜೀನ್ ಬಂದರೆ ಮಾತ್ರ ಈ ರೋಗ ಬರುತ್ತದೆ. ಆದ್ದರಿಂದ ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ. ರಕ್ತಸಂಬಂಧದಲ್ಲಿ ವಿವಾಹ ಧರ್ಮಸಮ್ಮತ, ಆದರೆ ಕಡ್ಡಾಯವಲ್ಲ. ಕುಟುಂಬದಲ್ಲಿ ಇಂತಹ ಮಗುವಿದ್ದರೆ ಮದುವೆಗೆ ಮೊದಲೇ ವೈದ್ಯರಲ್ಲಿ ಕೇಳಿ. ರೋಗವಿಳಿಸಿದವನು ಅದಕ್ಕೆ ಮದ್ದನ್ನೂ ಇಳಿಸಿದ್ದಾನೆಂಬ ನಂಬಿಕೆ ನಮ್ಮದು. ಅದನ್ನು ಹುಡುಕುವ ಕೆಲಸ ಮಾತ್ರ ಮನುಷ್ಯನಿಗೆ ಬಿಟ್ಟದ್ದು.