ಪ್ರತಿ ಫ್ಲ್ಯಾಗ್‌ಗೂ ಒಂದು ಕಾರಣ ಬರೆಯೋಣ

ಓಎಸ್ ಲ್ಯಾಬ್ ಸಬ್‌ಮಿಶನ್ ಹತ್ತಿರ ಬಂತಂದ್ರೆ ಸಾಕು, ಎಕ್ಸ್‌ವಿ6 ಮೇಕ್‌ಫೈಲ್‌ನಿಂದ ‘ಡಬ್ಲ್ಯೂ-ಎರರ್’ ಫ್ಲ್ಯಾಗ್ ಕಿತ್ತುಹಾಕೋದು ಶುರು. ವಾರ್ನಿಂಗ್ ಇದ್ರೂ ಬಿಲ್ಡ್ ಆಗ್ತದೆ, ಮಾರ್ಕ್ಸ್ ಬರ್ತದೆ. ಇದು ಸರಿಯಲ್ಲ ಅಂತ ನಮ್ಮ ವಾದ.

ಕರ್ನಲ್‌ನಲ್ಲಿ ಫ್ಲ್ಯಾಗ್ ಇರೋದು ಚಂದಕ್ಕಲ್ಲ. 2009ರಲ್ಲಿ ಲಿನಕ್ಸ್‌ನ ‘ಟನ್’ ಡ್ರೈವರ್ ಒಂದು ಪಾಯಿಂಟರ್ ಅನ್ನು ಮೊದಲು ಬಳಸಿ, ಆಮೇಲೆ ಅದು ನಲ್ಲಾ ಅಂತ ನೋಡುತ್ತಿತ್ತು. ‘ಬಳಸಿ ಆಯ್ತಲ್ಲ, ಅಂದ್ರೆ ನಲ್ ಅಲ್ಲ’ ಎಂದು ಜಿಸಿಸಿ ಆ ಚೆಕ್ಕನ್ನೇ ಅಳಿಸಿತು. ಸಾಮಾನ್ಯ ಯೂಸರ್ ರೂಟ್ ಆಗಲು ದಾರಿಯಾಯ್ತು. ಆಗ ಕೋಡ್ ತಿದ್ದಿದ್ದಲ್ಲದೆ, ಇಂಥ ಚೆಕ್ ಅಳಿಸಬೇಡ ಎನ್ನುವ ಫ್ಲ್ಯಾಗನ್ನೂ ಇಡೀ ಕರ್ನಲ್‌ಗೆ ಸೇರಿಸಿದರು. ಈ ಕತೆ ಗೊತ್ತಿಲ್ಲದವರು ‘ಇದ್ಯಾಕೆ ಬೇಕು’ ಎಂದು ಅದನ್ನು ತೆಗೆದರೆ?

ಹಾಗಂತ ಎಲ್ಲವನ್ನೂ ಮೇಲಿನ ಮೇಕ್‌ಫೈಲ್‌ಗೆ ತುಂಬಬಾರದು. ಲಿನಕ್ಸ್‌ನಲ್ಲಿ ಅಲ್ಲೊಂದು ಫ್ಲ್ಯಾಗ್ ಬದಲಾದ್ರೆ ಸಾವಿರಾರು ಫೈಲ್ ಮತ್ತೆ ಕಂಪೈಲ್ ಆಗ್ತವೆ. ಮುದನಾಳ, ಶಹಾಪುರ, ಸುರಪುರದಿಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಹಿಡಿದು ಬಂದ ನಮ್ಮಂಥವರಿಗೆ ಅದು ರಾತ್ರಿಯಿಡೀ ಕೆಲಸ. ಒಂದು ಫೋಲ್ಡರ್‌ಗೆ ಬೇಕಾದ್ದನ್ನು ಆ ಫೋಲ್ಡರ್‌ನ ಮೇಕ್‌ಫೈಲ್‌ನಲ್ಲಿ ‘ಸಿಸಿಫ್ಲ್ಯಾಗ್ಸ್-ವೈ’ ಎಂದು ಹಾಕಬಹುದು. ಒಂದೇ ಫೈಲ್‌ಗೆ ಸಾಕಾದ್ದನ್ನು ಅದರ ಹೆಸರಿಗಷ್ಟೇ ಹಾಕಲೂ ದಾರಿಯಿದೆ.

ನಮ್ಮ ಲ್ಯಾಬ್‌ಗೆ ಒಂದೇ ನಿಯಮ ಸಾಕು: ಫ್ಲ್ಯಾಗ್ ಸೇರಿಸಲಿ, ತೆಗೆಯಲಿ, ಮೇಲೊಂದು ಹ್ಯಾಶ್ ಹಾಕಿ ಕಾರಣ ಬರೆಯಬೇಕು. ಮುಂದಿನ ವರ್ಷದ ಜೂನಿಯರ್ಸ್‌ಗೆ ಆ ಒಂದು ಸಾಲೇ ಪಾಠ. ಕನ್ನಡದಲ್ಲಿ ಬರೆದರೂ ‘ಮೇಕ್’ ಬೇಡ ಅನ್ನಲ್ಲ!