ಉಪವಾಸದ ಉಳಿತಾಯ ಯಾರ ಪಾಲು?

ಹಿಂದಿನ ವರ್ಷದ ಗರಿಗಳ ಭಾನುವಾರದಂದು ಭಕ್ತರು ಕೈಯಲ್ಲಿ ಹಿಡಿದಿದ್ದ ಗರಿಗಳನ್ನೇ ಸುಟ್ಟು, ಆ ಬೂದಿಯನ್ನು ಹಣೆಗೆ ಹಚ್ಚುವುದರೊಂದಿಗೆ ಕಥೋಲಿಕರ ತಪಸ್ಸುಕಾಲ ಆರಂಭವಾಗುತ್ತದೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟರೆ, 40 ದಿನ. ಈ ದಿನಗಳಿಗೆ ಧರ್ಮಸಭೆ ಮೂರು ವ್ರತಗಳನ್ನು ವಿಧಿಸಿದೆ: ಪ್ರಾರ್ಥನೆ, ಉಪವಾಸ ಮತ್ತು ದಾನ. ಮೊದಲೆರಡು ಕಣ್ಣಿಗೆ ಕಾಣುತ್ತವೆ. ಶುಕ್ರವಾರಗಳಂದು ಶಿಲುಬೆ ಹಾದಿಯ ಪ್ರಾರ್ಥನೆಗೆ ಜನ ಸೇರುತ್ತಾರೆ. ಮಾಂಸಾಹಾರ ಬಿಡುವವರು, ಮದ್ಯ ಬಿಡುವವರು, ಮದುವೆ ಮುಂಜಿಗಳ ಸಡಗರ ಮುಂದೂಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಮೂರನೆಯದಾದ ದಾನ ಮಾತ್ರ ಒಂದು ಲಕೋಟೆಯೊಳಗೆ ಸೇರಿ, ಈಸ್ಟರ್ ಹೊತ್ತಿಗೆ ಮರೆತುಹೋಗುವ ಅಪಾಯದಲ್ಲಿದೆ. ನಾನು ಇದೇ ಸಮುದಾಯಕ್ಕೆ ಸೇರಿದವನಾದ್ದರಿಂದ ಈ ಮಾತನ್ನು ಒಳಗಿನಿಂದಲೇ ಹೇಳಬೇಕಾಗಿದೆ.

ಉಪವಾಸದ ನಿಯಮ ಇಂದು ಬಹಳ ಹಗುರ. 1966ರಲ್ಲಿ ಆರನೆಯ ಪೌಲರು ಹಳೆಯ ಕಟ್ಟುಪಾಡುಗಳನ್ನು ಸಡಿಲಿಸಿದ ಮೇಲೆ ಕಡ್ಡಾಯ ಉಪವಾಸ ಉಳಿದಿರುವುದು ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆ ಎರಡು ದಿನಗಳಲ್ಲೂ ಒಂದು ಹೊತ್ತು ಪೂರ್ತಿ ಊಟ ಮಾಡಬಹುದು. ಅರವತ್ತರ ಹತ್ತಿರ ಬಂದವರಿಗೆ, ಹದಿನೆಂಟು ತುಂಬದವರಿಗೆ, ರೋಗಿಗಳಿಗೆ ವಿನಾಯಿತಿ ಇದೆ. ಆದರೆ ನಿಯಮ ಸಡಿಲಗೊಂಡದ್ದು ಹೊಟ್ಟೆಗೆ ಅನುಕೂಲವಾಗಲಿ ಎಂದಲ್ಲ. ಅದಕ್ಕೂ ಮೂರು ವರ್ಷ ಮೊದಲು, 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆ ತಪಸ್ಸುಕಾಲದ ಪ್ರಾಯಶ್ಚಿತ್ತ ಒಬ್ಬೊಬ್ಬರ ಅಂತರಂಗಕ್ಕೆ ಸೀಮಿತವಾಗದೆ ಸಾಮಾಜಿಕವೂ ಆಗಿರಬೇಕೆಂದು ಹೇಳಿತ್ತು. ಐದನೆಯ ಶತಮಾನದ ಪೋಪ್ ಮಹಾ ಲಿಯೋ ಅವರ ತಪಸ್ಸುಕಾಲದ ಪ್ರವಚನಗಳಲ್ಲಿಯೂ ಇದೇ ಲೆಕ್ಕಾಚಾರವಿದೆ. ಉಪವಾಸ ಮಾಡಿದವನ ಮನೆಯಲ್ಲಿ ಒಂದು ಊಟ ಉಳಿಯುತ್ತದೆ. ಆ ಊಟ ಅವನದಲ್ಲ, ಹಸಿದವನದು. ಉಳಿದದ್ದನ್ನು ಮರುದಿನಕ್ಕೆ ತೆಗೆದಿಟ್ಟರೆ ಅದು ಮಿತವ್ಯಯವಾದೀತು, ವ್ರತವಾಗದು.

ಈ ಸರಳ ಲೆಕ್ಕವನ್ನು ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳ ಮುಂದಿಟ್ಟು ನೋಡಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಕೆಂಪು ನೆಲದಲ್ಲಿ ವರ್ಜೀನಿಯಾ ಹೊಗೆಸೊಪ್ಪು ಮುಖ್ಯ ಹಣದ ಬೆಳೆ. ಕೃಷ್ಣರಾಜನಗರದಲ್ಲಿ ಕಾವೇರಿಯ ನಾಲೆಗಳಿಂದಾಗಿ ಭತ್ತ. ತಪಸ್ಸುಕಾಲ ಬರುವ ಫೆಬ್ರುವರಿ, ಮಾರ್ಚ್ ವೇಳೆಗೆ ಹೊಗೆಸೊಪ್ಪಿನ ಹರಾಜು ಮುಗಿಯುವ ಹಂತದಲ್ಲಿರುತ್ತದೆ. ಬೆಲೆ ಸಿಕ್ಕಿದ್ದರೆ ಗೊಬ್ಬರದ, ಸೌದೆಯ, ಬ್ಯಾರನ್ ದುರಸ್ತಿಯ ಸಾಲ ತೀರುತ್ತದೆ. ಸಿಗದಿದ್ದರೆ ಹಳೆಯ ಸಾಲದ ಮೇಲೆ ಹೊಸ ಸಾಲ. ರಾಜ್ಯದಲ್ಲಿ ರೈತರ ಆತ್ಮಹತ್ಯೆಗಳು ಹೆಚ್ಚಿದ 2015ರಲ್ಲಿ ಈ ಸೀಮೆಯ ಹೊಗೆಸೊಪ್ಪು ಬೆಳೆಗಾರರೂ ಆ ದುರಂತದ ಪಟ್ಟಿಯಲ್ಲಿದ್ದರು. ಇದೇ ತಿಂಗಳುಗಳಲ್ಲಿ ಕೊಡಗಿನಲ್ಲಿ ಕಾಫಿ ಕೊಯ್ಲು. ಹಾಡಿಗಳ ಜೇನುಕುರುಬರು, ಭೂಮಿಯಿಲ್ಲದ ಕೂಲಿಕಾರರು ಜೀಪುಗಳಲ್ಲಿ ತುಂಬಿಕೊಂಡು ತೋಟಗಳಿಗೆ ಹೋಗುತ್ತಾರೆ. ಇವರಿಗೆ ಉಪವಾಸವನ್ನು ಪಂಚಾಂಗ ನೋಡಿ ಯಾರೂ ಕಲಿಸಬೇಕಾಗಿಲ್ಲ. ಹಸಿದವನು ಉಪವಾಸ ಮಾಡಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಹೀಗಾಗಿ ತಪಸ್ಸುಕಾಲದ ನಿಜವಾದ ಪ್ರಶ್ನೆ, ಉಣ್ಣುವ ಸ್ಥಿತಿಯಲ್ಲಿರುವವರು ಬಿಟ್ಟ ತುತ್ತು ಉಣ್ಣಲಾಗದವರ ತಟ್ಟೆಗೆ ತಲುಪುತ್ತದೆಯೇ ಎಂಬುದು.

ತಲುಪಿಸುವ ವ್ಯವಸ್ಥೆಗಳು ಇವೆ. ಬಹುತೇಕ ಧರ್ಮಕೇಂದ್ರಗಳಲ್ಲಿ ತಪಸ್ಸುಕಾಲದ ವಿಶೇಷ ಕಾಣಿಕೆ ಸಂಗ್ರಹವಾಗುತ್ತದೆ. 1962ರಲ್ಲಿ ಸ್ಥಾಪನೆಯಾದ ಕಾರಿತಾಸ್ ಇಂಡಿಯಾ ಹಸಿವು ಮತ್ತು ರೋಗದ ವಿರುದ್ಧ ಪ್ರತಿ ವರ್ಷ ಈ ಕಾಲದಲ್ಲೇ ಅಭಿಯಾನ ನಡೆಸುತ್ತ ಬಂದಿದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಒಜಾನಾಂ ಎಂಬ ಯುವಕ ಗೆಳೆಯರೊಂದಿಗೆ ಕಟ್ಟಿದ ಸಂತ ವಿನ್ಸೆಂಟ್ ದೆ ಪೌಲರ ಸಭೆ ನಮ್ಮ ಅನೇಕ ಊರುಗಳಲ್ಲಿ ಇಂದಿಗೂ ಜೀವಂತವಾಗಿದೆ. ಅದರ ಕಾರ್ಯವಿಧಾನ ಗಮನಿಸುವಂಥದ್ದು. ಸದಸ್ಯರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಬೇಕು. ಬಡವರನ್ನು ತಮ್ಮ ಬಾಗಿಲಿಗೆ ಕರೆಸಬಾರದು. ವಾರದ ಸಭೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ. ಕಂಡ ಮನೆಯ ಕಷ್ಟವನ್ನು ಬೀದಿಯಲ್ಲಿ ಆಡುವಂತಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ನಾಣ್ಣುಡಿಯನ್ನು ಬಲ್ಲ ಕನ್ನಡಿಗರಿಗೆ ಇದು ಪರಕೀಯವೆನಿಸದು. ದಾಸೋಹದ ನೆಲದಲ್ಲಿ, ಸುತ್ತೂರಿನಂಥ ಮಠಗಳ ಅನ್ನಸಂತರ್ಪಣೆಯ ನೆರೆಯಲ್ಲಿ, 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯ ಕಾಡುನೆಲವನ್ನು ಟಿಬೆಟಿನ ನಿರಾಶ್ರಿತರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ, ಕೊಡುವುದನ್ನು ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ.

ಹಾಗಿದ್ದೂ ಕ್ರೈಸ್ತರ ದಾನವನ್ನು ಇಂದು ಒಂದು ಶಂಕೆ ಹಿಂಬಾಲಿಸುತ್ತಿದೆ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ 'ಆಮಿಷ'ದ ವ್ಯಾಖ್ಯೆಯೊಳಗೆ ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಗಳ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲವನ್ನೂ ಸೇರಿಸಿತು. ಮತಾಂತರದ ಉದ್ದೇಶವಿದ್ದರೆ ಮಾತ್ರ ಇವು ಅಪರಾಧ ಎಂಬುದು ನಿಜ. ಆದರೆ ಉದ್ದೇಶವನ್ನು ಅಳೆಯುವವರು ಯಾರು? ಒಂದು ಮೂಟೆ ಅಕ್ಕಿ ಇಳಿಸುವಾಗ ಅಕ್ಕಪಕ್ಕದವರು ಹುಬ್ಬೇರಿಸುವಂತಾದರೆ, ಕೊಡುವವನ ಕೈ ಹಿಂಜರಿಯುತ್ತದೆ. ಪಡೆಯುವವನ ಹಸಿವು ಮಾತ್ರ ಹಾಗೆಯೇ ಉಳಿಯುತ್ತದೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಆದರೆ ಸಂಪುಟದ ತೀರ್ಮಾನದಿಂದ ಜನಮನದ ಶಂಕೆ ಹಿಂದೆ ಸರಿಯುವುದಿಲ್ಲ.

ಶಂಕೆ ಒಂದೇ ಕಡೆಯದಲ್ಲ ಎಂಬುದನ್ನೂ ಒಪ್ಪಬೇಕು. 2022ರ ಡಿಸೆಂಬರ್ 27ರಂದು, ಕ್ರಿಸ್‌ಮಸ್ ಮುಗಿದ ಎರಡೇ ದಿನಕ್ಕೆ, ಪಿರಿಯಾಪಟ್ಟಣದ ಸಂತ ಮೇರಿ ಚರ್ಚಿಗೆ ಯಾರೋ ನುಗ್ಗಿದರು. ಬಾಲಯೇಸುವಿನ ಪ್ರತಿಮೆ ಭಗ್ನವಾಯಿತು, ಕಾಣಿಕೆ ಡಬ್ಬಿ ಕಾಣೆಯಾಯಿತು. ದೇಶದಾದ್ಯಂತ ಅದು ದ್ವೇಷದ ದಾಳಿಯೆಂಬಂತೆ ಸುದ್ದಿಯಾಯಿತು. ಅಂದಿನ ವಾತಾವರಣದಲ್ಲಿ ಹಾಗೆ ಭಾವಿಸಿದವರನ್ನು ದೂರುವಂತಿರಲಿಲ್ಲ. ಕೆಲವು ದಿನಗಳ ಬಳಿಕ ಪೊಲೀಸರು ಒಬ್ಬನನ್ನು ಬಂಧಿಸಿ, ಇದು ಕಳ್ಳತನದ ಉದ್ದೇಶದ ಕೃತ್ಯವೆಂದರು. ಬಡವರಿಗಾಗಿ ಹಾಕಿದ ಕಾಸನ್ನು ಹಣದ ಅಗತ್ಯವಿದ್ದವನೊಬ್ಬ ಕತ್ತಲಲ್ಲಿ ಒಯ್ದಿದ್ದ. ಕಳ್ಳತನವನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆದರೆ ಅಕ್ಕಪಕ್ಕದ ಮನೆಗಳ ನಡುವೆ ಮಾತುಕತೆ ನಿಂತುಹೋದಾಗ ಪ್ರತಿಯೊಂದು ಘಟನೆಯನ್ನೂ ಮೊದಲು ದ್ವೇಷದ ಭಾಷೆಯಲ್ಲೇ ಓದಿಕೊಳ್ಳುತ್ತೇವೆ ಎಂಬ ಎಚ್ಚರವನ್ನು ಈ ಪ್ರಕರಣ ಕಲಿಸಬೇಕಿತ್ತು.

ಶಂಕೆಗೆ ಉತ್ತರ ಕೊಡುವುದು ಹೇಗೆ? ಈ ಪ್ರಾಂತ್ಯದ ಇತಿಹಾಸದಲ್ಲೇ ಒಂದು ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಇಲ್ಲಿನವರಂತೆಯೇ ಉಟ್ಟು, ಇಲ್ಲಿನವರಂತೆಯೇ ಉಂಡು, ಜನರ ಬಾಯಲ್ಲಿ 'ದೊಡ್ಡ ಸ್ವಾಮಿಯವರು' ಆದರು. ಸಿಡುಬಿನ ವಿರುದ್ಧ ಲಸಿಕೆ ಹಾಕುವ ಪದ್ಧತಿ ಹೊಸದಾಗಿ ಬಂದಾಗ, ಜಾತಿ ಮತ ನೋಡದೆ ಸಾವಿರಾರು ಜನರಿಗೆ ಅದನ್ನು ತಲುಪಿಸಿದರು. ನಿರ್ಗತಿಕರಿಗಾಗಿ ಕೃಷಿ ವಸಾಹತು ಸ್ಥಾಪಿಸಿದರು. ಮೂರು ದಶಕಗಳ ದುಡಿಮೆಯ ನಂತರ 1823ರಲ್ಲಿ ತಾಯ್ನಾಡಿಗೆ ಮರಳಿದ ಅವರು, ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ಸಾಧ್ಯವಾಗದ ಕೆಲಸವೆಂದು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ನೇರವಾಗಿ ಬರೆದರು. ಅವರ ಧರ್ಮಪ್ರಚಾರ ಅವರ ಎಣಿಕೆಯಲ್ಲೇ ಸೋತಿತು. ಅವರು ಹಾಕಿಸಿದ ಲಸಿಕೆ ಮಾತ್ರ ಕೆಲಸ ಮಾಡಿತು. ಪ್ರತಿಫಲ ಬಯಸದ ಉಪಕಾರಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಇಂದಿನ ಲಸಿಕೆ ಯಾವುದು? ನನ್ನ ಮಟ್ಟಿಗೆ ಅದು ಸಾಲಮುಕ್ತಿ. ಅಕ್ಕಿಯ ಕೊರತೆ ಮೊದಲಿನಷ್ಟಿಲ್ಲ. ಪಡಿತರ ವ್ಯವಸ್ಥೆ ಆ ಹೊರೆಯ ದೊಡ್ಡ ಭಾಗವನ್ನು ಹೊತ್ತಿದೆ. ಲಾಕ್‌ಡೌನಿನ 2020ರಲ್ಲಿ ಚರ್ಚುಗಳ ಬಾಗಿಲು ಮುಚ್ಚಿಯೇ ಪವಿತ್ರ ವಾರ ಕಳೆದಾಗ ದಿನಸಿ ಕಿಟ್ಟುಗಳು ಜೀವ ಉಳಿಸಿದವು, ನಿಜ. ಆದರೆ ಸಾಮಾನ್ಯ ವರ್ಷಗಳಲ್ಲಿ ಈ ಸೀಮೆಯ ಬಡ ಮನೆಯನ್ನು ಮುರಿಯುತ್ತಿರುವುದು ವಾರದ ಕಂತು. ಕಿರುಸಾಲದ ವಸೂಲಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ವರದಿಗಳು 2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳಿಂದಲೇ ಬಂದವು. ಆ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಗೊತ್ತುಪಡಿಸಿತು. ಕಾನೂನು ವಸೂಲಿಗಾರನನ್ನು ಹೆದರಿಸಬಲ್ಲದು. ಆದರೆ ಮಗಳ ಶಾಲೆ ಶುಲ್ಕಕ್ಕೆ, ಗಂಡನ ಶಸ್ತ್ರಚಿಕಿತ್ಸೆಗೆ ಮತ್ತೆ ಸಾಲ ಬೇಕಾದಾಗ ಹೆಂಗಸೊಬ್ಬಳು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಕಾಕತಾಳೀಯವೆಂಬಂತೆ 2025 ಕಥೋಲಿಕ ಧರ್ಮಸಭೆಯ ಜ್ಯೂಬಿಲಿ ವರ್ಷವೂ ಆಗಿತ್ತು. ಜ್ಯೂಬಿಲಿಯ ಮೂಲ ಇಸ್ರೇಲರ ಪ್ರಾಚೀನ ಕಟ್ಟಳೆಯಲ್ಲಿದೆ: ಐವತ್ತು ವರ್ಷಕ್ಕೊಮ್ಮೆ ಅಡವಿಟ್ಟ ಭೂಮಿ ಮೂಲ ಒಡೆಯನಿಗೆ ಮರಳಬೇಕು, ಸಾಲಕ್ಕಾಗಿ ಜೀತಕ್ಕಿದ್ದವನು ಮನೆಗೆ ಮರಳಬೇಕು. ಆ ವರ್ಷವನ್ನು ಘೋಷಿಸಿದ ಪೋಪ್ ಫ್ರಾನ್ಸಿಸ್ ಶ್ರೀಮಂತ ರಾಷ್ಟ್ರಗಳು ಬಡ ರಾಷ್ಟ್ರಗಳ ಸಾಲವನ್ನು ಮನ್ನಾ ಮಾಡಬೇಕೆಂದು ಕೋರಿದ್ದರು. ಈಸ್ಟರ್‌ನ ಮರುದಿನ, ಏಪ್ರಿಲ್ 21ರಂದು, ನಿಧನರಾದರು. ರಾಷ್ಟ್ರಗಳು ಏನು ಮಾಡುತ್ತವೋ ನಮ್ಮ ಕೈಯಲ್ಲಿಲ್ಲ. ಒಂದು ಧರ್ಮಕೇಂದ್ರ ಏನು ಮಾಡಬಹುದೆಂಬುದು ನಮ್ಮ ಕೈಯಲ್ಲಿದೆ.

ನನ್ನ ಸಲಹೆ ಸರಳವಾದುದು. ಈ ನಾಲ್ಕು ತಾಲ್ಲೂಕುಗಳ ಪ್ರತಿ ಧರ್ಮಕೇಂದ್ರವೂ ತಪಸ್ಸುಕಾಲದ ಕಾಣಿಕೆಯ ಒಂದು ಪಾಲನ್ನು, ತನ್ನ ಎಲ್ಲೆಯೊಳಗಿನ ಒಂದೇ ಒಂದು ಕುಟುಂಬವನ್ನಾದರೂ ಬಡ್ಡಿಯ ಸುಳಿಯಿಂದ ಬಿಡಿಸಲು ಮೀಸಲಿಡಲಿ. ಆ ಕುಟುಂಬದ ಧರ್ಮ ಯಾವುದೆಂದು ಕೇಳುವ ಅಗತ್ಯವಿಲ್ಲ. ಬೇರೆ ಧರ್ಮದವರಾಗಿದ್ದರೆ ಊರಿನ ಪಂಚಾಯಿತಿ ಸದಸ್ಯರನ್ನೋ ಶಾಲಾ ಶಿಕ್ಷಕರನ್ನೋ ಜತೆಗಿಟ್ಟುಕೊಂಡೇ ನೆರವು ನೀಡಲಿ. ಬಚ್ಚಿಡುವುದೇನೂ ಇಲ್ಲದಿದ್ದಾಗ ಶಂಕೆಗೆ ಆಸ್ಪದವಿರುವುದಿಲ್ಲ. ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಲೆಕ್ಕವನ್ನು ಕನ್ನಡದಲ್ಲಿ ಬರೆದು ಚರ್ಚಿನ ಬಾಗಿಲಿಗೆ ಅಂಟಿಸಲಿ. ಪಡೆದವರ ಹೆಸರನ್ನು ಮಾತ್ರ ಎಲ್ಲಿಯೂ ಬರೆಯದಿರಲಿ. ಅದೇ ಮನೆ ಮತ್ತೆ ಸಾಲಕ್ಕೆ ಬೀಳದಂತೆ ಸ್ವಸಹಾಯ ಸಂಘಕ್ಕೆ, ಸಹಕಾರ ಸಂಘಕ್ಕೆ, ಬ್ಯಾಂಕಿಗೆ ಕರೆದೊಯ್ಯುವ ಓಡಾಟವನ್ನು ವಿದ್ಯಾವಂತ ಯುವಕರು ವಹಿಸಿಕೊಳ್ಳಲಿ. ಒಬ್ಬ ಗುಮಾಸ್ತನ ಮುಂದೆ ಎರಡು ಗಂಟೆ ಕಾಯುವುದೂ ತಪಸ್ಸೇ.

ಇದಕ್ಕೆ ಎರಡು ಆಕ್ಷೇಪಗಳನ್ನು ನಿರೀಕ್ಷಿಸಬಹುದು. ಹಣ ಸಾಲದು ಎಂಬುದು ಮೊದಲನೆಯದು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿ, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದ ಮೇಲೆ ಸೇವಾ ಸಂಸ್ಥೆಗಳ ಕೈ ಬಿಗಿಯಾಗಿರುವುದು ವಾಸ್ತವ. ಆದರೆ ದೂರದ ದಾನಿಯ ಹಣ ಬಂದಾಗ ನಮ್ಮ ಜೇಬಿನ ಹೊಣೆ ತಗ್ಗಿದಂತೆ ಅನ್ನಿಸುತ್ತಿತ್ತಲ್ಲವೇ? ಊರಿನ ಕಾಸಿನಿಂದ ಊರಿನ ಸಾಲ ತೀರಿದರೆ ಅದರ ಪ್ರಮಾಣ ಚಿಕ್ಕದಿರಬಹುದು, ಅದರ ಮೇಲಿನ ನಂಬಿಕೆ ದೊಡ್ಡದಿರುತ್ತದೆ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 1.87. ಇಷ್ಟು ಸಣ್ಣ ಸಮುದಾಯ ಇಡೀ ತಾಲ್ಲೂಕಿನ ಬಡತನ ನೀಗಿಸಲಾರದು. ಅದನ್ನು ಯಾರೂ ಕೇಳುತ್ತಲೂ ಇಲ್ಲ.

ನಮ್ಮವರಲ್ಲೇ ಬಡವರಿರುವಾಗ ಹೊರಗಿನವರಿಗೇಕೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿದೆ. ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಸಿಕ್ಕಿತೆಂದು ಐತಿಹ್ಯ ಹೇಳುವ ಸಂತ ಅಂತೋನಿಯವರ ಮರದ ಪ್ರತಿಮೆಯ ಸುತ್ತ ಅಲ್ಲಿನ ಪುಣ್ಯಕ್ಷೇತ್ರ ಬೆಳೆದಿದೆ. 2019ರಲ್ಲಿ ಅದು ಬಸಿಲಿಕದ ಪದವಿಗೇರಿತು. ಜೂನ್ 13ರ ಹಬ್ಬಕ್ಕೆ ಮೈಸೂರು, ಮಂಡ್ಯ, ಹಾಸನ, ಕೊಡಗುಗಳಿಂದ ಬರುವ ಸಾವಿರಾರು ಹರಕೆಯವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಕಳೆದದ್ದು ಸಿಗಲೆಂದು, ಕಾಯಿಲೆ ವಾಸಿಯಾಗಲೆಂದು ಬೇಡುವಾಗ ಯಾರೂ ಅವರ ಧರ್ಮ ಕೇಳುವುದಿಲ್ಲ. ಅವರ ಕಾಣಿಕೆಯನ್ನು ಯಾವ ಹಿಂಜರಿಕೆಯೂ ಇಲ್ಲದೆ ಪಡೆಯುವ ನಾವು, ಕೊಡುವ ಹೊತ್ತಿಗೆ ಗಡಿ ಎಳೆಯುವುದು ಯಾವ ನ್ಯಾಯ? ಪಡೆಯುವಾಗ ಇಲ್ಲದ ಭೇದ ಕೊಡುವಾಗಲೂ ಇರಕೂಡದು.

2025ರಲ್ಲಿ ರಂಜಾನ್ ಮಾಸ ಮತ್ತು ತಪಸ್ಸುಕಾಲ ಒಂದೇ ವಾರದಲ್ಲಿ ಶುರುವಾದವು. ಶಿವರಾತ್ರಿಯ ಉಪವಾಸ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಹುಣಸೂರಿನ ಒಂದೇ ಬೀದಿಯಲ್ಲಿ ಮೂರು ಬಗೆಯ ಉಪವಾಸಿಗಳು ಆ ದಿನಗಳಲ್ಲಿ ಒಬ್ಬರನ್ನೊಬ್ಬರು ಹಾದುಹೋಗಿರಬೇಕು. ಮೂರು ಮನೆಗಳಲ್ಲೂ ಒಂದೊಂದು ಊಟ ಉಳಿದಿತ್ತು. ಆ ಬೀದಿಯ ಕೊನೆಯ ಮನೆಯಲ್ಲಿ ಕಂತು ಕಟ್ಟಲಾಗದೆ ಬಾಗಿಲು ಹಾಕಿಕೊಂಡು ಕುಳಿತವರಿದ್ದರೆ, ಮೂರು ಉಪವಾಸಗಳ ಉಳಿತಾಯವೂ ಅವರಿಗೇ ಸಲ್ಲಬೇಕಾದುದು. ಹಣೆಯ ಬೂದಿ ಸಂಜೆಯೊಳಗೆ ಅಳಿಸಿಹೋಗುತ್ತದೆ. ಆ ಬಾಗಿಲು ತೆರೆಯುವ ಕೆಲಸಕ್ಕೆ ಉಳಿದ 40 ದಿನಗಳೂ ಇವೆ.